ನಾಲ್ಕಿದ್ದ ಸಿಲಿಂಡರ್ ಮೂರಾಯಿತು: ಸಣ್ಣ ಕಾರಿನ ಬಾನೆಟ್ ಕೆಳಗೆ ಏನು ನಡೆಯುತ್ತಿದೆ?

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆ ಇಳಿಯಿತು. ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 29 ಇದ್ದದ್ದು ಶೇ 18ಕ್ಕೆ ಬಂತು. ಕಾರು ಕೊಳ್ಳುವುದೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದ ಮನೆಗಳಿಗೆ ಇದು ಒಳ್ಳೆಯ ಸುದ್ದಿ. ಆದರೆ ಮೈಸೂರಿನಲ್ಲಾಗಲಿ, ಮಂಡ್ಯದಲ್ಲಾಗಲಿ, ಷೋರೂಂಗೆ ಹೋಗಿ ಕಾರಿನ ವಿವರದ ಹಾಳೆ ತಿರುವಿದರೆ ಒಂದು ಸಾಲು ತಲೆ ತಿನ್ನುತ್ತದೆ: ಸಿಲಿಂಡರ್ ಸಂಖ್ಯೆ 3. ಸಿಲಿಂಡರ್ ಅಂದರೆ ಎಂಜಿನ್‌ನೊಳಗೆ ಪೆಟ್ರೋಲ್ ಉರಿಯುವ ಕೊಳವೆ. ಎಲ್ಲ ಸಿಲಿಂಡರ್ ಸೇರಿದ ಒಟ್ಟು ಅಳತೆಯೇ ಸಿಸಿ.

ಸ್ವಿಫ್ಟ್ ಕಾರನ್ನೇ ತೆಗೆದುಕೊಳ್ಳೋಣ. 2024ರ ಮೇ ತಿಂಗಳಲ್ಲಿ ಬಂದ ಹೊಸ ಸ್ವಿಫ್ಟ್‌ನಲ್ಲಿ 1197 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಇದೆ. ಅದರ ಹಿಂದಿನ ಸ್ವಿಫ್ಟ್‌ನಲ್ಲೂ ಅಷ್ಟೇ ಸಿಸಿ, ಆದರೆ ನಾಲ್ಕು ಸಿಲಿಂಡರ್. ಹಳೆಯದರ ಶಕ್ತಿ 90 ಪಿಎಸ್, ಹೊಸದರದು 82. ಅದೇ ವರ್ಷದ ನವೆಂಬರ್‌ನಲ್ಲಿ ಹೊಸ ಡಿಸೈರ್ ಕೂಡ ಇದೇ ಎಂಜಿನ್ ಹೊತ್ತು ಬಂತು. ಸಿಲಿಂಡರ್ ಒಂದು ಕಮ್ಮಿ, ಶಕ್ತಿ ಕಮ್ಮಿ, ಆದರೆ ಮೈಲೇಜ್ ಜಾಸ್ತಿ. ಇದು ಹೇಗೆ? ಕಂಪನಿ ಉಳಿತಾಯ ಮಾಡಿಕೊಂಡು ನಮಗೆ ಕಮ್ಮಿ ಕೊಡುತ್ತಿದೆಯೇ? ಗಾಡಿ ಅದುರುತ್ತದೆ ಅಂತಾರಲ್ಲ, ನಿಜವೇ? ಐದು ಜನ ಕೂತರೆ ಚಾಮುಂಡಿ ಬೆಟ್ಟ ಹತ್ತುತ್ತದೆಯೇ?

ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಷೋರೂಂನಲ್ಲಿ ಇವಕ್ಕೆ ಸಿಗುವ ಉತ್ತರ ಮಾತ್ರ ಅರ್ಧಂಬರ್ಧ. ಅದಕ್ಕೇ ಮೊದಲಿಂದ ಬಿಡಿಸಿ ನೋಡೋಣ.

ಮೊದಲ ಸಂಸಾರದ ಕಾರೇ ಮೂರು ಸಿಲಿಂಡರಿನದು

ಮೂರು ಸಿಲಿಂಡರ್ ಎನ್ನುವುದು ನಮ್ಮ ರಸ್ತೆಗೆ ಹೊಸದಲ್ಲ. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ ಎಂಜಿನ್ 796 ಸಿಸಿಯದು, ಸಿಲಿಂಡರ್ ಮೂರು. ಅದಕ್ಕೂ ಮುಂಚೆ ರಸ್ತೆ ಆಳುತ್ತಿದ್ದ ಅಂಬಾಸಿಡರ್ ಮತ್ತು ಪದ್ಮಿನಿಗಳದ್ದು ನಾಲ್ಕು. ಅಂದರೆ ನಾಲ್ಕರಿಂದ ಮೂರಕ್ಕೆ ಇಳಿಯುವ ಕೆಲಸ ಈ ದೇಶದಲ್ಲಿ ಒಮ್ಮೆ ಆಗಿಹೋಗಿದೆ. ಮಾರುತಿ 800 ಮೂವತ್ತು ವರ್ಷ ತಯಾರಾಯಿತು. ಆಮೇಲೆ ಆಲ್ಟೊ, 2010ರ ನಂತರದ 1 ಲೀಟರ್ ವ್ಯಾಗನ್ ಆರ್, ಟಾಟಾ ಟಿಯಾಗೊ, ರೆನೊ ಕ್ವಿಡ್ ಎಲ್ಲವೂ ಮೂರು ಸಿಲಿಂಡರಿನವೇ. ಟ್ಯಾಕ್ಸಿಯಾಗಿ ಓಡುತ್ತಿರುವ ವ್ಯಾಗನ್ ಆರ್‌ಗಳನ್ನು ನೋಡಿದರೆ, ಮೂರು ಸಿಲಿಂಡರ್ ಬಾಳಿಕೆ ಬರುವುದಿಲ್ಲ ಎಂಬ ಮಾತಿಗೆ ಬುಡವಿಲ್ಲ ಎಂದು ಗೊತ್ತಾಗುತ್ತದೆ.

ಹಾಗಾದರೆ ಈಗೇಕೆ ಗೊಂದಲ? 1998ರಲ್ಲಿ ಸ್ಯಾಂಟ್ರೊ, ಇಂಡಿಕಾ ಬಂದವು. 2005ರಲ್ಲಿ ಸ್ವಿಫ್ಟ್ ಬಂತು. ಇವೆಲ್ಲ ನಾಲ್ಕು ಸಿಲಿಂಡರ್ ಕಾರುಗಳು. ಮಾರುತಿ 800ರಿಂದ ಇವಕ್ಕೆ ಏರಿದ ಮನೆಗಳಿಗೆ ವ್ಯತ್ಯಾಸ ಕೈಗೇ ಗೊತ್ತಾಯಿತು. ಗಾಡಿ ನಿಂತಾಗ ಎಂಜಿನ್ ಹೆಚ್ಚು ಸದ್ದು ಮಾಡುತ್ತಿರಲಿಲ್ಲ, ಸ್ಟಿಯರಿಂಗ್ ನಡುಗುತ್ತಿರಲಿಲ್ಲ. ಮೂರು ಅಂದರೆ ಅಗ್ಗ, ನಾಲ್ಕು ಅಂದರೆ ಬಡ್ತಿ ಎಂಬ ಭಾವನೆ ಆಗ ಬೇರೂರಿತು. ಇವತ್ತು ಏಳೆಂಟು ಲಕ್ಷ ಕೊಟ್ಟು ಮತ್ತೆ ಮೂರಕ್ಕೆ ಬಾ ಅಂದರೆ ಮನಸ್ಸು ಹಿಂಜರಿಯುವುದು ಸಹಜ ಅಲ್ವಾ?

ಎಂಜಿನ್ ಒಳಗಿನ ತಾಳ

ಕಾರಿನ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್ ನಾಲ್ಕು ಹೆಜ್ಜೆಯಲ್ಲಿ ಕೆಲಸ ಮಾಡುತ್ತದೆ. ಗಾಳಿ ಮತ್ತು ಪೆಟ್ರೋಲನ್ನು ಒಳಗೆ ಎಳೆದುಕೊಳ್ಳುತ್ತದೆ, ಒತ್ತುತ್ತದೆ, ಉರಿಸುತ್ತದೆ, ಹೊಗೆಯನ್ನು ಹೊರಗೆ ತಳ್ಳುತ್ತದೆ. ಈ ನಾಲ್ಕು ಹೆಜ್ಜೆ ಮುಗಿಯುವಷ್ಟರಲ್ಲಿ ಕ್ರ್ಯಾಂಕ್, ಅಂದರೆ ಸಿಲಿಂಡರುಗಳ ತಳ್ಳಾಟಕ್ಕೆ ತಿರುಗುವ ಎಂಜಿನ್‌ನ ಮುಖ್ಯ ದಂಡ, ಎರಡು ಸುತ್ತು ಅಥವಾ 720 ಡಿಗ್ರಿ ತಿರುಗಿರುತ್ತದೆ. ನಾಲ್ಕು ಹೆಜ್ಜೆಯಲ್ಲಿ ಕಾರನ್ನು ನಿಜವಾಗಿ ಮುಂದೂಡುವುದು ಉರಿಯುವ ಹೆಜ್ಜೆ ಒಂದೇ. ಅದು ಹೆಚ್ಚೆಂದರೆ 180 ಡಿಗ್ರಿ ಇರುತ್ತದೆ.

ಈಗ ಲೆಕ್ಕ ಹಾಕಿ. ನಾಲ್ಕು ಸಿಲಿಂಡರ್ ಇದ್ದರೆ 720ನ್ನು ನಾಲ್ಕರಿಂದ ಭಾಗಿಸಬೇಕು. ಪ್ರತಿ 180 ಡಿಗ್ರಿಗೆ ಒಂದು ಸ್ಫೋಟ. ಒಂದರ ತಳ್ಳಾಟ ಮುಗಿಯುತ್ತಿದ್ದಂತೆ ಇನ್ನೊಂದು ಶುರುವಾಗುತ್ತದೆ, ನಡುವೆ ಬಿಡುವೇ ಇಲ್ಲ. ಮೂರು ಸಿಲಿಂಡರ್ ಆದರೆ ಪ್ರತಿ 240 ಡಿಗ್ರಿಗೆ ಒಂದು ಸ್ಫೋಟ. ಅಂದರೆ ಒಂದರ ತಳ್ಳಾಟ ಮುಗಿದ ಮೇಲೆ 60 ಡಿಗ್ರಿಯಷ್ಟು ಕಾಲ ಯಾರೂ ತಳ್ಳುತ್ತಿಲ್ಲ. ಆ ಹೊತ್ತಿನಲ್ಲಿ ಕ್ರ್ಯಾಂಕನ್ನು ತಿರುಗಿಸಿಕೊಂಡು ಹೋಗುವುದು ಹಿಂದೆ ಕೂತ ಫ್ಲೈವೀಲ್ ಎಂಬ ಚಕ್ರದ ಭಾರ. ಮೂರು ಸಿಲಿಂಡರ್ ಎಂಜಿನ್ ಬಿಟ್ಟು ಬಿಟ್ಟು ನೂಕಿದಂತೆ ಅನಿಸುವುದು ಇದಕ್ಕೇ.

ಎಂಜಿನ್ ಸುಮ್ನೆ ನಿಂತು ಓಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ, ನಿಮಿಷಕ್ಕೆ ಸುಮಾರು 750 ಸುತ್ತು ತಿರುಗುತ್ತದೆ ಅಂತಿಟ್ಟುಕೊಳ್ಳಿ. ನಾಲ್ಕು ಸಿಲಿಂಡರಿನದು ಸೆಕೆಂಡಿಗೆ 25 ಬಾರಿ ತಳ್ಳುತ್ತದೆ. ಮೂರು ಸಿಲಿಂಡರಿನದು ಸುಮಾರು 19 ಬಾರಿ. ತಳ್ಳಾಟದ ಸಂಖ್ಯೆ ಇಳಿದಷ್ಟೂ ಒಂದೊಂದು ಪೆಟ್ಟೂ ಮೈಗೆ ಬೇರೆಬೇರೆಯಾಗಿ ತಿಳಿಯುತ್ತದೆ. ಮೈಸೂರಿನ ಹಿರಿಯರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಹೆಚ್ಚಿನವು ಒಂದೇ ಸಿಲಿಂಡರಿನವು. ಅವುಗಳ ಸದ್ದಿನಲ್ಲಿ ಬಡಿತ ಬಿಡಿಬಿಡಿಯಾಗಿ ಕೇಳುತ್ತಿತ್ತು. ಬೈಕಿನಲ್ಲಿ ಅದು ಇಷ್ಟವಾಗುತ್ತದೆ. ಸಿಗ್ನಲ್‌ನಲ್ಲಿ ನಿಂತ ಕಾರಿನೊಳಗೆ, ಹಿಂದಿನ ಸೀಟಿನಲ್ಲಿ ಮಗು ಮಲಗಿರುವಾಗ, ಅದು ಬೇಡವಾಗುತ್ತದೆ.

ಅದೇ ಎಂಜಿನ್ 3000 ಸುತ್ತಿಗೆ ಬಂದರೆ? ಮೂರು ಸಿಲಿಂಡರ್ ಸೆಕೆಂಡಿಗೆ 75 ಬಾರಿ ತಳ್ಳುತ್ತದೆ, ನಾಲ್ಕು ಸಿಲಿಂಡರ್ 100 ಬಾರಿ. ಎರಡೂ ಒಂದೇ ಎಳೆಯ ಸದ್ದಾಗಿ ಕೇಳುತ್ತವೆ. ಮೂರರ ದನಿ ಸ್ವಲ್ಪ ಗಡಸು, ಅಷ್ಟೆ. ವ್ಯತ್ಯಾಸ ಎದ್ದು ಕಾಣುವುದು ನಿಂತಾಗ ಮತ್ತು ತೀರಾ ನಿಧಾನಕ್ಕೆ ಹೋಗುವಾಗ.

ಪಲ್ಲಕ್ಕಿಯ ಓಲಾಟ

ಸ್ಫೋಟದ ಪೆಟ್ಟು ಒಂದು ಕಥೆ. ಪಿಸ್ಟನ್‌ಗಳು, ಅಂದರೆ ಸ್ಫೋಟದ ಒತ್ತಡಕ್ಕೆ ಸಿಲಿಂಡರಿನೊಳಗೆ ಸರಿಯುವ ತುಂಡುಗಳು, ಮೇಲೆ ಕೆಳಗೆ ಓಡಾಡುವುದರಿಂದ ಬರುವ ಅಲುಗಾಟ ಇನ್ನೊಂದು ಕಥೆ. ಇದನ್ನು ತಿಳಿಯಲು ದೇವರ ಪಲ್ಲಕ್ಕಿ ಹೊರುವವರನ್ನು ನೆನೆಸಿಕೊಳ್ಳಿ.

ಮುಂದಿನವರೂ ಹಿಂದಿನವರೂ ಒಟ್ಟಿಗೆ ಹೆಗಲು ಎತ್ತಿ ಒಟ್ಟಿಗೆ ಇಳಿಸಿದರೆ ಇಡೀ ಪಲ್ಲಕ್ಕಿ ಮೇಲೆ ಕೆಳಗೆ ಕುಣಿಯುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ ಅಲುಗುವುದು ಹೀಗೆ. ಕ್ರ್ಯಾಂಕ್ ಒಂದು ಸುತ್ತು ಬರುವಷ್ಟರಲ್ಲಿ ಎರಡು ಸಾರಿ ಸಣ್ಣದಾಗಿ ಮೇಲೆ ಕೆಳಗೆ ಜಿಗಿಯುತ್ತದೆ. ನಿಧಾನವಾಗಿದ್ದಾಗ ತಿಳಿಯುವುದಿಲ್ಲ, ಎಂಜಿನ್ ಜೋರಾಗಿ ತಿರುಗಿದಾಗ ಝುಮ್ ಎಂಬ ಸಣ್ಣ ಕಂಪನವಾಗಿ ಕಾಲಿಗೆ ಸಿಗುತ್ತದೆ.

ಮುಂದಿನವರು ಎತ್ತಿದಾಗ ಹಿಂದಿನವರು ಇಳಿಸಿದರೆ? ಪಲ್ಲಕ್ಕಿಯ ನಡುಭಾಗ ಇದ್ದ ಎತ್ತರದಲ್ಲೇ ಇರುತ್ತದೆ. ಆದರೆ ಒಳಗಿನ ಉತ್ಸವಮೂರ್ತಿ ಮುಂದಕ್ಕೂ ಹಿಂದಕ್ಕೂ ಓಲಾಡುತ್ತದೆ. ಮೂರು ಸಿಲಿಂಡರ್ ಎಂಜಿನ್ ಮಾಡುವುದು ಇದನ್ನು. ಮೂರು ಪಿಸ್ಟನ್‌ಗಳ ಮೇಲೆ ಕೆಳಗಿನ ಬಲ ಒಂದನ್ನೊಂದು ಸರಿದೂಗಿಸಿಬಿಡುತ್ತದೆ. ಆದರೆ ಎಂಜಿನ್‌ನ ಎರಡು ತುದಿಗಳು ಏತದ ಹಾಗೆ ಏರುತ್ತಾ ಇಳಿಯುತ್ತಾ ಇರುತ್ತವೆ.

ಹಾಗಾಗಿ ನಾಲ್ಕು ಸಿಲಿಂಡರ್ ಪೂರ್ತಿ ಸಮತೋಲದ್ದು, ಮೂರು ಸಿಲಿಂಡರ್ ಹುಟ್ಟಿನಿಂದಲೇ ಕೆಟ್ಟದ್ದು ಎನ್ನುವುದು ತಪ್ಪು. ಎರಡಕ್ಕೂ ಅವುಗಳದೇ ಅಲುಗಾಟ ಇದೆ. ಮೂರರದ್ದು ನಮ್ಮ ಗಮನಕ್ಕೆ ಬರುವ ಹೊತ್ತಿನಲ್ಲೇ ಕಾಣಿಸಿಕೊಳ್ಳುತ್ತದೆ ಎನ್ನುವುದೇ ಅದರ ತೊಂದರೆ.

ಓಲಾಟ ತಡೆಯುವ ದಾರಿಗಳಿವೆ. ಕ್ರ್ಯಾಂಕ್‌ಗೆ ಎದುರಾಗಿ ತಿರುಗುವ ಬ್ಯಾಲೆನ್ಸರ್ ಶಾಫ್ಟ್ ಹಾಕಬಹುದು. ಫೋರ್ಡ್ 2017ರಲ್ಲಿ ಇಕೋಸ್ಪೋರ್ಟ್‌ಗೆ ತಂದ 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್‌ನಲ್ಲಿ ಅದಿತ್ತು. ಅದೇ ಕಂಪನಿ ತನ್ನ 1 ಲೀಟರಿನ ಇಕೋಬೂಸ್ಟ್‌ನಲ್ಲಿ ಶಾಫ್ಟ್ ಬಿಟ್ಟು, ಫ್ಲೈವೀಲ್ ಮತ್ತು ಮುಂದಿನ ಪುಲ್ಲಿಗಳ ಭಾರವನ್ನು ಬೇಕೆಂದೇ ಒಂದು ಕಡೆಗೆ ಜಾಸ್ತಿ ಮಾಡಿ ಓಲಾಟ ತಗ್ಗಿಸಿತು. ಎಂಜಿನನ್ನು ಕಾರಿನ ಬಾಡಿಯ ಮೇಲೆ ಕೂರಿಸುವ ರಬ್ಬರ್ ಮೌಂಟಿಂಗ್‌ಗಳನ್ನು ಚೆನ್ನಾಗಿ ಮಾಡುವುದು ಇನ್ನೊಂದು ದಾರಿ. ಇವೆಲ್ಲಕ್ಕೂ ದುಡ್ಡು ಬೇಕು. ಒಂದೇ ಮೂರು ಸಿಲಿಂಡರ್ ಆದರೂ ಒಂದು ಕಾರು ನಯವಾಗಿರುವುದು, ಇನ್ನೊಂದು ಅದುರುವುದು ಈ ಖರ್ಚಿನ ವ್ಯತ್ಯಾಸದಿಂದ. ನನ್ನ ಮಟ್ಟಿಗೆ ಕಂಪನಿಗಳನ್ನು ಕೇಳಬೇಕಾದ ಪ್ರಶ್ನೆ ಇದೇ. ಒಂದು ಸಿಲಿಂಡರ್ ಕಮ್ಮಿ ಮಾಡಿ ಉಳಿಸಿದ್ದರಲ್ಲಿ ಎಷ್ಟನ್ನು ಅಲುಗಾಟ ತಡೆಯಲು ವಾಪಸ್ ಹಾಕಿದಿರಿ?

ಮೈಲೇಜ್ ಜಾಸ್ತಿ ಆಗುವುದು ಹೇಗೆ

ಎಂಜಿನ್‌ನಲ್ಲಿ ಉಜ್ಜಾಡುವ ಭಾಗ ಕಮ್ಮಿಯಾದಷ್ಟೂ ಪೆಟ್ರೋಲ್ ಉಳಿಯುತ್ತದೆ. ನಾಲ್ಕು ಪಿಸ್ಟನ್‌ಗೆ ಹನ್ನೆರಡು ರಿಂಗ್, ಮೂರಕ್ಕೆ ಒಂಬತ್ತು. ವಾಲ್ವ್‌ಗಳು ಹದಿನಾರರ ಬದಲು ಹನ್ನೆರಡು. ಕ್ರ್ಯಾಂಕ್ ಗಿಡ್ಡ, ಬೇರಿಂಗ್ ಕಮ್ಮಿ, ತೂಕವೂ ಕಮ್ಮಿ.

ಎರಡನೆಯದು ಶಾಖದ ಲೆಕ್ಕ. 1200 ಸಿಸಿಯನ್ನು ನಾಲ್ಕಕ್ಕೆ ಹಂಚಿದರೆ ತಲಾ 300, ಮೂರಕ್ಕೆ ಹಂಚಿದರೆ ತಲಾ 400. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಸಣ್ಣ ಸಣ್ಣ ಪಾತ್ರೆಗೆ ಹಂಚಿ ಕಾಯಿಸುವುದಿಲ್ಲ, ದೊಡ್ಡ ಕೊಪ್ಪರಿಗೆಯಲ್ಲೇ ಕಾಯಿಸುತ್ತಾರೆ. ಪಾತ್ರೆಗಳು ಹೆಚ್ಚಾದಷ್ಟೂ ಅವುಗಳ ಮೈಯಿಂದ ಸೋರಿಹೋಗುವ ಬಿಸಿ ಜಾಸ್ತಿ. ಸಿಲಿಂಡರ್ ಕೂಡ ಹಾಗೇ. ಒಂದೇ ಅಳತೆಯ ಆಕಾರ ಎಂದು ಲೆಕ್ಕ ಹಾಕಿದರೆ, ಮೂರು ಸಿಲಿಂಡರಿನ ಒಳಗೋಡೆಯ ಒಟ್ಟು ಹರವು ನಾಲ್ಕಕ್ಕಿಂತ ಸುಮಾರು ಶೇ 9ರಷ್ಟು ಕಮ್ಮಿ. ಗೋಡೆಗೆ ಸೋರದೆ ಉಳಿದ ಬಿಸಿಯೇ ಪಿಸ್ಟನ್ ತಳ್ಳುತ್ತದೆ. ಒಂದು ಸಿಲಿಂಡರಿಗೆ 400ರಿಂದ 500 ಸಿಸಿ ಎನ್ನುವುದು ಎಂಜಿನ್ ತಯಾರಕರ ಮೆಚ್ಚಿನ ಅಳತೆಯಾಗಿರುವುದು ಸುಮ್ನೆ ಅಲ್ಲ.

ಇದರ ಫಲ ಅಂಕಿಯಲ್ಲಿ ಕಾಣುತ್ತದೆ. ಹಳೆಯ ಸ್ವಿಫ್ಟ್ ಮ್ಯಾನುಯಲ್‌ನ ಘೋಷಿತ ಮೈಲೇಜ್ ಲೀಟರಿಗೆ 22.38 ಕಿ.ಮೀ. ಹೊಸದರದು 24.8. ತಿಂಗಳಿಗೆ 1000 ಕಿ.ಮೀ. ಓಡಿಸುವವರಿಗೆ ಸುಮಾರು 4.4 ಲೀಟರ್ ಉಳಿಯುತ್ತದೆ. ಲೀಟರಿಗೆ 100 ರೂಪಾಯಿ ಅಂತ ಹಿಡಿದರೂ 440 ರೂಪಾಯಿ. ವರ್ಷಕ್ಕೆ ಐದು ಸಾವಿರದ ಮೇಲೆ. ಆದರೆ ಇದು ಪರೀಕ್ಷಾಲಯದ ಅಂಕಿ. ರಸ್ತೆಯಲ್ಲಿ ಎರಡೂ ಕಾರು ಇಷ್ಟು ಕೊಡುವುದಿಲ್ಲ. ಎಂಜಿನ್‌ನಲ್ಲಿ ಬೇರೆ ಸುಧಾರಣೆಗಳೂ ಆಗಿರುವುದರಿಂದ ಪೂರ್ತಿ ಉಳಿತಾಯವನ್ನು ಒಂದು ಸಿಲಿಂಡರಿನ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ.

ಗೆರೆ ಎಳೆದದ್ದು ಸರ್ಕಾರ

ಕಂಪನಿಗಳು ಈ ದಾರಿ ಹಿಡಿಯಲು ಎರಡು ನಿಯಮಗಳು ಕಾರಣ.

ಒಂದು, ತೆರಿಗೆಯ ಗೆರೆ. ಕಾರಿನ ಉದ್ದ 4 ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ದಾಟಬಾರದು. ಡೀಸೆಲ್ ಆದರೆ 1500 ಸಿಸಿ. ಈ ಗೆರೆಯ ಒಳಗಿದ್ದರೆ ಈಗ ಶೇ 18 ತೆರಿಗೆ, ದಾಟಿದರೆ ಶೇ 40. ನಮ್ಮ ಪೇಟೆಯಲ್ಲಿ 1197, 1199 ಎಂಬ ವಿಚಿತ್ರ ಸಿಸಿಗಳು ತುಂಬಿರುವುದು ಇದಕ್ಕೆ. ಗೆರೆ ಸಿಲಿಂಡರ್ ಎಷ್ಟಿರಬೇಕು ಎಂದು ಹೇಳುವುದಿಲ್ಲ. ಆದರೆ 1200 ಸಿಸಿಯೊಳಗೇ ಇರು ಎಂದ ಮೇಲೆ ಕಂಪನಿಯ ಕೈಯಲ್ಲಿ ಉಳಿಯುವುದು ಅದನ್ನು ಮೂರಕ್ಕೆ ಹಂಚಬೇಕೋ ನಾಲ್ಕಕ್ಕೋ ಎಂಬ ತೀರ್ಮಾನ ಮಾತ್ರ.

ಎರಡನೆಯದು, ಆ ತೀರ್ಮಾನವನ್ನು ಮೂರರ ಕಡೆಗೆ ವಾಲಿಸಿದ ನಿಯಮ. ಇದಕ್ಕೆ ಕೆಫೆ ನಿಯಮ ಎಂದು ಹೆಸರು. ಕಾಫಿಗೂ ಇದಕ್ಕೂ ಸಂಬಂಧವಿಲ್ಲ, ಇದು ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು (CAFE). ಒಂದು ಕಂಪನಿ ವರ್ಷದಲ್ಲಿ ಮಾರಿದ ಎಲ್ಲ ಕಾರುಗಳನ್ನು ಒಟ್ಟು ಮಾಡಿ, ಕಿಲೋಮೀಟರಿಗೆ ಸರಾಸರಿ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ ಎಂದು ನೋಡುತ್ತಾರೆ. ಮೊದಲ ಹಂತದಲ್ಲಿ ಸರಾಸರಿ ಗುರಿ 130 ಗ್ರಾಂ. 2022ರಿಂದ 113 ಗ್ರಾಂ. ದಾಟಿದರೆ ದಂಡ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರಿಗೆ 22.38 ಕಿ.ಮೀ. ಕೊಡುವ ಕಾರು ಕಿಲೋಮೀಟರಿಗೆ ಸುಮಾರು 103 ಗ್ರಾಂ ಬಿಟ್ಟಂತೆ. 24.8 ಕೊಡುವುದು ಸುಮಾರು 93. ಹತ್ತು ಗ್ರಾಂ ವ್ಯತ್ಯಾಸ. ನಮ್ಮ ಮನೆಗೆ ತಿಂಗಳಿಗೆ ನಾನೂರು ರೂಪಾಯಿಯ ಮಾತು. ಲಕ್ಷಗಟ್ಟಲೆ ಕಾರು ಮಾರುವ ಕಂಪನಿಗೆ ಇದೇ ಹತ್ತು ಗ್ರಾಂ ಅಂದರೆ, ತನ್ನ ದೊಡ್ಡ ಗಾಡಿಗಳನ್ನೂ ಮಾರಿಕೊಂಡು ಸರಾಸರಿ ಕಾಪಾಡಿಕೊಳ್ಳುವ ದಾರಿ. ಮೂರು ಸಿಲಿಂಡರಿನ ಮೇಲೆ ಕಂಪನಿಗಳಿಗೆ ಇಷ್ಟು ಒಲವು ಯಾಕೆ ಎಂಬುದು ಈ ಲೆಕ್ಕದಲ್ಲಿ ಅಡಗಿದೆ.

ಮುಂದಿನ ನಿಯಮದ ಮೇಲೆ ಜಗಳ

ಕೆಫೆಯ ಮೂರನೇ ಹಂತ 2027ರ ಏಪ್ರಿಲ್‌ನಿಂದ ಬರಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಇದರ ಕರಡು ಹೊರಡಿಸಿತು. ಅದರಲ್ಲಿ ಸಣ್ಣ ಪೆಟ್ರೋಲ್ ಕಾರುಗಳಿಗೆ ಕಿಲೋಮೀಟರಿಗೆ 3 ಗ್ರಾಂ ರಿಯಾಯಿತಿಯ ಮಾತಿತ್ತು. ಷರತ್ತುಗಳು: ತೂಕ 909 ಕೆ.ಜಿ. ಒಳಗೆ, ಎಂಜಿನ್ 1200 ಸಿಸಿ ಒಳಗೆ, ಉದ್ದ 4 ಮೀಟರ್ ಒಳಗೆ.

ಇಲ್ಲಿ ಕಂಪನಿಗಳು ಎರಡು ಪಾಳಯವಾದವು. ಮಾರುತಿ ರಿಯಾಯಿತಿಯ ಪರ. ಗುರಿಯನ್ನು ಕಾರಿನ ತೂಕ ನೋಡಿ ನಿಗದಿ ಮಾಡುವುದರಿಂದ ಭಾರದ ಕಾರಿಗೆ ಸಡಿಲ, ಹಗುರ ಕಾರಿಗೆ ಬಿಗಿ. ಮೊದಲೇ ಕಮ್ಮಿ ಕುಡಿಯುವ ಸಣ್ಣ ಕಾರಿಗೆ ಇದು ಅನ್ಯಾಯ ಎನ್ನುವುದು ಅವರ ವಾದ. ಟಾಟಾ, ಮಹೀಂದ್ರದಂಥ ಕಂಪನಿಗಳು ವಿರುದ್ಧ. ತೂಕದ ಗೆರೆ ಹಾಕಿದರೆ ಹಗುರ ಮಾಡುವ ಭರದಲ್ಲಿ ಸುರಕ್ಷತೆಗೆ ಪೆಟ್ಟು ಬೀಳಬಹುದು, ಲಾಭ ಒಂದೇ ಕಂಪನಿಗೆ ಹೋಗುತ್ತದೆ ಎನ್ನುವುದು ಅವರ ಮಾತು.

ಎರಡು ವಾದದಲ್ಲೂ ತಿರುಳಿದೆ. ಆದರೆ ಕೊಳ್ಳುವವರ ಕಡೆಯಿಂದ ನೋಡಿದರೆ ಯಾವ ಪಾಳಯ ಗೆದ್ದರೂ ಒಂದು ಪರಿಣಾಮ ಬದಲಾಗುವುದಿಲ್ಲ. ರಿಯಾಯಿತಿ ಸಿಕ್ಕರೂ ಗುರಿ ಹಿಂದಿನದಕ್ಕಿಂತ ಬಿಗಿಯೇ ಇರುತ್ತದೆ. ಬೆಲೆನೊ, ಐ20, ಅಮೇಜ್‌ನಂಥ ಕಾರುಗಳಲ್ಲಿ ಸದ್ಯಕ್ಕೆ ಉಳಿದಿರುವ 1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್‌ಗಳ ಮೇಲೆ ಒತ್ತಡ ಹೆಚ್ಚುತ್ತದೆ. ಅವು ಮೂರು ಸಿಲಿಂಡರ್ ಆಗಬಹುದು, ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಆಗಬಹುದು, ಇಲ್ಲವೇ ಬ್ಯಾಟರಿ ಕಾರಿಗೆ ಜಾಗ ಬಿಡಬಹುದು.

ಟರ್ಬೊ ಇದ್ದರೆ ಮಾತೇ ಬೇರೆ

ಮೂರು ಸಿಲಿಂಡರ್ ಎಂದು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವುದು ಕೊಳ್ಳುವವರು ಮಾಡುವ ದೊಡ್ಡ ತಪ್ಪು. ಹೊಸ ಸ್ವಿಫ್ಟ್‌ನ 1197 ಸಿಸಿ ಎಂಜಿನ್ 82 ಪಿಎಸ್ ಕೊಡುತ್ತದೆ. ಹ್ಯುಂಡೈ ವೆನ್ಯೂವಿನ 998 ಸಿಸಿಯ ಟರ್ಬೊ ಎಂಜಿನ್ 120 ಕೊಡುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್‌ನ 999 ಸಿಸಿಯದು 115. ಇವೂ ಮೂರು ಸಿಲಿಂಡರಿನವೇ. ಟರ್ಬೊ ಅಂದರೆ ಹೊರಹೋಗುವ ಹೊಗೆಯ ರಭಸದಿಂದ ತಿರುಗಿ, ಹೊಸ ಗಾಳಿಯನ್ನು ಒತ್ತಿ ಒಳಗೆ ತುಂಬುವ ಪಂಪು. ಮೂರು ಸಿಲಿಂಡರಿಗೂ ಟರ್ಬೊಗೂ ಒಳ್ಳೆಯ ಹೊಂದಾಣಿಕೆ. ಸ್ಫೋಟಗಳ ನಡುವೆ 240 ಡಿಗ್ರಿ ಅಂತರ ಇರುವುದರಿಂದ ಒಂದು ಸಿಲಿಂಡರಿನ ಹೊಗೆ ಇನ್ನೊಂದರದಕ್ಕೆ ಅಡ್ಡ ಬರುವುದಿಲ್ಲ.

ನಮ್ಮ ಊರಿನವರಿಗೆ ಟರ್ಬೊ ಇನ್ನೊಂದು ಕಾರಣಕ್ಕೆ ಮುಖ್ಯ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ 100 ಮೀಟರ್ ಏರಿದರೆ ಸರಿಸುಮಾರು ಶೇ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಅಂದರೆ ಇಲ್ಲಿ ನಿಂತಿರುವಾಗಲೇ ಏಳೆಂಟು ಶೇಕಡಾ ಹೋಯಿತು. ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋದರೆ ಎತ್ತರ 2240 ಮೀಟರ್. ಅಲ್ಲಿ 82 ಪಿಎಸ್‌ನ ಕಾರು 65ರ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ನಾಲ್ಕು ಸಿಲಿಂಡರಿನ 90 ಪಿಎಸ್ ಕಾರಿಗೂ ಇದೇ ಗತಿ. ಟರ್ಬೊ ಮಾತ್ರ ತೆಳುಗಾಳಿಯನ್ನೇ ಒತ್ತಿ ತುಂಬಿ ಈ ನಷ್ಟವನ್ನು ಬಹುಪಾಲು ತುಂಬಿಕೊಡುತ್ತದೆ. ಹಾಗಾಗಿ ಘಾಟಿ ರಸ್ತೆಯ ಓಡಾಟ ಜಾಸ್ತಿ ಇರುವವರು ಮೂರೋ ನಾಲ್ಕೋ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಟರ್ಬೊ ಇದೆಯೋ ಇಲ್ಲವೋ ನೋಡುವುದು ಲೇಸು.

ಹೈಬ್ರಿಡ್‌ನಲ್ಲೂ ಮೂರು ಸಿಲಿಂಡರಿಗೆ ಒಳ್ಳೆಯ ಜಾಗ ಸಿಕ್ಕಿದೆ. 2022ರಲ್ಲಿ ಬಂದ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾಗಳ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿರುವುದು 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್. ಎರಡೂ ಕಾರು ಹೊರಬಂದದ್ದು ಮೈಸೂರು ರಸ್ತೆಯ ಬಿಡದಿಯ ಕಾರ್ಖಾನೆಯಿಂದಲೇ. ಸಿಗ್ನಲ್‌ನಲ್ಲಿ ನಿಂತಾಗ ಈ ಕಾರುಗಳ ಎಂಜಿನ್ ಬಹುತೇಕ ಆರಿಯೇ ಇರುತ್ತದೆ. ನಿಧಾನದ ಓಡಾಟವನ್ನು ಮೋಟಾರ್ ನೋಡಿಕೊಳ್ಳುತ್ತದೆ. ಮೂರು ಸಿಲಿಂಡರ್ ಎಲ್ಲಿ ಹೆಚ್ಚು ಅದುರುತ್ತದೋ ಅಲ್ಲಿ ಅದು ಓಡುವುದೇ ಇಲ್ಲ. ಆದರೆ ಇವು 1200 ಸಿಸಿಯ ಗೆರೆ ದಾಟಿದವು, ಬೆಲೆಯೂ ಬೇರೆ ಲೋಕದ್ದು.

ನಮ್ಮ ರಸ್ತೆಗಳಲ್ಲಿ

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿನ ವೇಗದ ಮಿತಿ 100 ಕಿ.ಮೀ. ಸಾಮಾನ್ಯ ಸಣ್ಣ ಕಾರು ಐದನೇ ಗೇರಿನಲ್ಲಿ ಈ ವೇಗಕ್ಕೆ 3000 ಸುತ್ತಿನ ಆಸುಪಾಸಿನಲ್ಲಿರುತ್ತದೆ. ಮೂರು ಸಿಲಿಂಡರ್ ನೆಮ್ಮದಿಯಾಗಿ ಓಡುವ ಜಾಗ ಅದೇ. ಮಂಡ್ಯದಿಂದ ಬೆಂಗಳೂರಿಗೆ ವಾರಕ್ಕೆರಡು ಸಾರಿ ಹೋಗಿಬರುವವರಿಗೆ ನಡುಕದ ದೂರು ಬಹಳ ಬರಲಾರದು.

ತೊಂದರೆ ಇರುವುದು ಪಕ್ಕದ ಸರ್ವಿಸ್ ರಸ್ತೆಯಲ್ಲಿ. 2023ರ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಸರ್ವಿಸ್ ರಸ್ತೆಗಳಲ್ಲೂ ಊರೊಳಗಿನ ರಸ್ತೆಗಳಲ್ಲೂ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಕಾರು ತೆವಳಬೇಕು. ಗಂಟೆಗೆ 20-25 ಕಿ.ಮೀ. ವೇಗ. ನಾಲ್ಕು ಸಿಲಿಂಡರ್ ಓಡಿಸಿ ಅಭ್ಯಾಸವಾದ ಕೈ ಮೂರನೇ ಗೇರಿನಲ್ಲೇ ಬಿಟ್ಟಿರುತ್ತದೆ. ಮೂರು ಸಿಲಿಂಡರ್ ಆಗ ಗುಡುಗುಡು ಎಂದು ಒದ್ದಾಡುತ್ತದೆ. ಎರಡನೇ ಗೇರಿಗೆ ಇಳಿಸಿದರೆ ಸುಮ್ಮನಾಗುತ್ತದೆ. ಗೇರ್ ಇಳಿಸಲು ಸೋಮಾರಿತನ ಮಾಡಿದರೆ ಪೆಟ್ಟು ಬೀಳುವುದು ಕ್ಲಚ್ಚಿಗೆ, ಮೌಂಟಿಂಗ್‌ಗೆ. ಟರ್ಬೊ ಎಂಜಿನ್ ಆದರೆ ಪಿಸ್ಟನ್‌ಗೂ ಒಳ್ಳೆಯದಲ್ಲ. ದಸರಾ ಹೊತ್ತಿನ ಮೈಸೂರಿನ ಟ್ರಾಫಿಕ್‌ನಲ್ಲೂ ಇದೇ ಪಾಡು.

ಬಾಳಿಕೆಯ ಪ್ರಶ್ನೆ

ಸಿಲಿಂಡರ್ ಕಮ್ಮಿ ಇರುವುದರಿಂದ ಎಂಜಿನ್ ಬೇಗ ಸವೆಯುತ್ತದೆ ಎನ್ನಲು ಆಧಾರವಿಲ್ಲ. ಪ್ಲಗ್, ಇಂಜೆಕ್ಟರ್‌ಗಳೂ ಒಂದೊಂದು ಕಮ್ಮಿ, ಬದಲಿಸುವ ಖರ್ಚೂ ಅಷ್ಟು ಕಮ್ಮಿ. ಆದರೆ ಎರಡು ಕಡೆ ಎಚ್ಚರ ಬೇಕು.

ಮೊದಲನೆಯದು ಮೌಂಟಿಂಗ್. ಓಲಾಟವನ್ನು ನುಂಗುವ ರಬ್ಬರ್ ಗಟ್ಟಿಯಾದರೆ, ಹರಿದರೆ, ನಡುಕ ನೇರವಾಗಿ ಕಾರಿನ ಮೈಗೆ ಬರುತ್ತದೆ. ನಾಲ್ಕೈದು ವರ್ಷದ ಕಾರು ಇದ್ದಕ್ಕಿದ್ದಂತೆ ಅದುರಲು ಶುರುಮಾಡಿದರೆ ಮೊದಲು ನೋಡಬೇಕಾದ್ದು ಎಂಜಿನ್ ಒಳಗಲ್ಲ, ಇಲ್ಲಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇದನ್ನು ಮರೆಯಬಾರದು.

ಎರಡನೆಯದು ಟೈಮಿಂಗ್ ಬೆಲ್ಟ್, ಅಂದರೆ ಕ್ರ್ಯಾಂಕ್ ತಿರುಗುವುದಕ್ಕೆ ಸರಿಯಾಗಿ ವಾಲ್ವ್‌ಗಳು ತೆರೆದು ಮುಚ್ಚುವಂತೆ ಮಾಡುವ ಪಟ್ಟಿ. ಕೆಲವು ಮೂರು ಸಿಲಿಂಡರ್ ಎಂಜಿನ್‌ಗಳಲ್ಲಿ ಈ ಬೆಲ್ಟ್ ಎಂಜಿನ್ ಆಯಿಲ್‌ನಲ್ಲಿ ನೆನೆಯುತ್ತಲೇ ಓಡುತ್ತದೆ. ಯುರೋಪಿನಲ್ಲಿ ಫೋರ್ಡ್‌ನ 1 ಲೀಟರ್ ಇಕೋಬೂಸ್ಟ್ ಮತ್ತು ಪ್ಯೂಜೊ-ಸಿಟ್ರೊಯೆನ್‌ನ 1.2 ಪ್ಯೂರ್‌ಟೆಕ್ ಈ ಕಾರಣಕ್ಕೆ ಕೆಟ್ಟ ಹೆಸರು ಪಡೆದವು. ಬೆಲ್ಟ್ ಸವೆದು ಉದುರಿದ ಪುಡಿ ಆಯಿಲ್ ಹೋಗುವ ದಾರಿಯನ್ನೇ ಕಟ್ಟಿಬಿಡುತ್ತಿತ್ತು. ಇದು ಸಿಲಿಂಡರ್ ಸಂಖ್ಯೆಯ ದೋಷವಲ್ಲ, ಬೆಲ್ಟಿನ ವಿನ್ಯಾಸದ ದೋಷ. ಆದರೆ ಅಪವಾದ ಮೂರು ಸಿಲಿಂಡರಿಗೆ ಅಂಟಿಕೊಂಡಿತು.

ಇನ್ನೊಂದು ಸಣ್ಣ ವಿಷಯ. ಇತ್ತೀಚೆಗೆ ಮೈಲೇಜ್ ಬರುತ್ತಿಲ್ಲ ಎಂಬ ದೂರಿನಲ್ಲಿ ಒಂದು ಪಾಲು ಪೆಟ್ರೋಲಿನದೇ ಇರಬಹುದು. ಈಗ ಬಂಕ್‌ನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಕಬ್ಬಿನ ಹಾಲು, ಕಾಕಂಬಿಯಿಂದಲೂ ತಯಾರಾಗುವ ಎಥನಾಲ್ ಮಂಡ್ಯದ ರೈತರಿಗೆ ಹೊಸ ಮಾತಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಇದಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ 1-2, ಉಳಿದವುಗಳಲ್ಲಿ ಶೇ 3ರಿಂದ 6 ಇಳಿಯಬಹುದು ಎಂದು ಸರ್ಕಾರವೇ ಹೇಳಿದೆ. ಮೂರಕ್ಕೂ ನಾಲ್ಕಕ್ಕೂ ಇದು ಸಮಾನ.

ಕೊಳ್ಳುವ ಮುಂಚೆ

ಷೋರೂಂನವರು ಕೊಡಿಸುವ ಟೆಸ್ಟ್ ಡ್ರೈವ್ ಸಾಮಾನ್ಯವಾಗಿ ಖಾಲಿ ರಸ್ತೆಯಲ್ಲಿ ಎರಡು ಕಿಲೋಮೀಟರ್. ಅಲ್ಲಿ ಮೂರು ಸಿಲಿಂಡರಿನ ಗುಣವೂ ತಿಳಿಯುವುದಿಲ್ಲ, ದೋಷವೂ ತಿಳಿಯುವುದಿಲ್ಲ. ಬೇರೆ ರೀತಿ ಕೇಳಿ. ಎಸಿ ಹಾಕಿ, ಗಾಡಿ ನಿಲ್ಲಿಸಿ, ಎರಡು ನಿಮಿಷ ಸುಮ್ನೆ ಕೂತುಕೊಳ್ಳಿ. ಕೈ ಸ್ಟಿಯರಿಂಗ್ ಮೇಲಿರಲಿ. ಎಸಿ ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ನಡುಕ ಎಷ್ಟು ಏರುತ್ತದೆ ನೋಡಿ. ಮನೆಯ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಅವರನ್ನೂ ಕೇಳಿ. ಕಾರಿನಲ್ಲಿ ಜಾಸ್ತಿ ಹೊತ್ತು ಕೂರುವವರು ಅವರೇ, ಆದರೆ ಅವರ ಮಾತು ಕೇಳುವವರು ಕಮ್ಮಿ.

ಮೈಸೂರಿನವರಾದರೆ ಐದು ಜನ ಹತ್ತಿ ಚಾಮುಂಡಿ ಬೆಟ್ಟಕ್ಕೆ ಒಂದು ಸುತ್ತು ಹೋಗಿಬನ್ನಿ. ಊರಿನಿಂದ ತುದಿಗೆ ಸುಮಾರು 300 ಮೀಟರ್ ಏರಿಕೆ. ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿದಾಗ ಗಾಡಿ ಎಳೆಯುತ್ತದೋ, ಮೊದಲನೇ ಗೇರ್ ಕೇಳುತ್ತದೋ ಗಮನಿಸಿ. ಮಂಡ್ಯದವರಿಗೆ ಮೇಲುಕೋಟೆಯ ಏರು ಇದೆ. ವಾಪಸ್ ಬಂದ ಮೇಲೆ ಸರ್ವಿಸ್ ವಿಭಾಗಕ್ಕೇ ಹೋಗಿ ಕೇಳಬೇಕಾದ್ದು ಇಷ್ಟು: ಈ ಎಂಜಿನ್‌ನಲ್ಲಿರುವುದು ಟೈಮಿಂಗ್ ಚೈನೋ ಬೆಲ್ಟೋ? ಬೆಲ್ಟಾದರೆ ಒಣ ಬೆಲ್ಟೋ, ಆಯಿಲ್‌ನಲ್ಲಿ ಓಡುವುದೋ? ಎಷ್ಟು ಕಿಲೋಮೀಟರಿಗೆ ಬದಲಿಸಬೇಕು, ಖರ್ಚೆಷ್ಟು? ಎಂಜಿನ್ ಮೌಂಟಿಂಗ್‌ಗೆ ವಾರಂಟಿ ಎಷ್ಟು ವರ್ಷ? ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದ ಮೇಲೆ ಬರೆಸಿಕೊಂಡು, ಆಮೇಲೆ ಅಡ್ವಾನ್ಸ್ ಕೊಡಿ.